ಗಟ್ಟಿ ಮಾಂಸಕ್ಕೆ ಇನ್ನೆರಡು ಗಂಟೆ

ಅಕ್ಟೋಬರ್ ಬಂದು ಮಿಶಿಗನ್ ಸರೋವರದ ಕಡೆಯಿಂದ ತಣ್ಣನೆ ಗಾಳಿ ಬೀಸತೊಡಗಿದರೆ ನಮ್ಮ ಅಂಗಡಿಯ ಮಾಂಸದ ಕೌಂಟರಿನಲ್ಲಿ ಗಿರಾಕಿಗಳ ಕಣ್ಣು ಬೇರೆ ಕಡೆ ಹೊರಳುತ್ತದೆ. ಬೇಸಿಗೆಯಿಡೀ ಸ್ಟೇಕ್, ಬರ್ಗರ್ ಎನ್ನುತ್ತಿದ್ದವರು ಈಗ ಗಾಜಿನ ಪೆಟ್ಟಿಗೆಯ ಕೊನೆಗೆ ಬಂದು ನಿಲ್ಲುತ್ತಾರೆ. ಅಲ್ಲಿರುವುದು ಚಕ್, ಅಂದರೆ ದನದ ಭುಜ ಮತ್ತು ಕುತ್ತಿಗೆಯ ಬುಡದ ಮಾಂಸ. ದಪ್ಪ ತುಂಡು, ನಡುನಡುವೆ ಬಿಳಿ ಗೆರೆ, ಅಲ್ಲಲ್ಲಿ ಕೊಬ್ಬಿನ ಗಂಟು. ನೋಡಲಿಕ್ಕೆ ಏನೂ ಚಂದವಿಲ್ಲ. ಶನಿವಾರ ಮಧ್ಯಾಹ್ನದೊಳಗೆ ಅದೇ ಮೊದಲು ಖಾಲಿಯಾಗುತ್ತದೆ, ಯಾಕೆಂದರೆ ಭಾನುವಾರ ಅಮೆರಿಕದ ಎಷ್ಟೋ ಮನೆಗಳಲ್ಲಿ ಪಾಟ್ ರೋಸ್ಟ್, ಅಂದರೆ ಮುಚ್ಚಿದ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಿಸಿದ ಇಡೀ ತುಂಡು ಮಾಂಸ.

ನಾನು ಬಂಟ್ವಾಳದ ಕಡೆಯವಳು. ಶಿಕಾಗೋದ ಹೊರವಲಯದ ಒಂದು ಸೂಪರ್ ಮಾರ್ಕೆಟಿನಲ್ಲಿ ಮಾಂಸ ಕತ್ತರಿಸಿ, ತೂಗಿ, ಕಾಗದದಲ್ಲಿ ಸುತ್ತಿ ಕೊಡುವುದು ನನ್ನ ಕೆಲಸ. ಮನೆಯಲ್ಲಿ ಕೊಂಕಣಿ ಆಡುವ ಕ್ರೈಸ್ತರು ನಾವು, ಊರಿನಲ್ಲಿ ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಮಾಂಸದ ಊಟ ಇದ್ದೇ ಇರುತ್ತಿತ್ತು. ಹಾಗಾಗಿ ಈ ದೇಶದ ಭಾನುವಾರದ ಊಟ ನನಗೆ ಬೇಗ ಒಗ್ಗಿತು. ಓದುವವರಲ್ಲಿ ಅನೇಕರ ಮನೆಗೆ ದನದ ಮಾಂಸ ಬರುವುದಿಲ್ಲವೆಂದು ನನಗೆ ಗೊತ್ತು. ಅವರು ಕುರಿಯ ಭುಜವನ್ನೋ ತೊಡೆಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಓದಿದರೂ ಆದೀತು. ಮಾಂಸ ಮೆತ್ತಗಾಗುವ ಬಗೆ ಎರಡರಲ್ಲೂ ಒಂದೇ.

ಹೊಸದಾಗಿ ಮದುವೆಯಾದ ಜೋಡಿಯೊಂದು ಒಮ್ಮೆ ಬಂತು. ಹುಡುಗನ ತಂದೆತಾಯಿ ಮೊದಲ ಬಾರಿ ಊಟಕ್ಕೆ ಬರುವವರು. ಪಾಟ್ ರೋಸ್ಟಿಗೆ ಟೆಂಡರ್‌ಲಾಯಿನ್ ಕೊಡಿ, ಎಲ್ಲಕ್ಕಿಂತ ಒಳ್ಳೆಯದೇ ಬೇಕು ಎಂದಳು ಹುಡುಗಿ. ಟೆಂಡರ್‌ಲಾಯಿನ್ ಬೆನ್ನೆಲುಬಿನ ಕೆಳಗೆ ಅಡಗಿರುವ ಮಾಂಸ, ದನ ಬದುಕಿರುವಾಗ ಅದಕ್ಕೆ ಕೆಲಸವೇ ಇಲ್ಲ. ಅದಕ್ಕೇ ಅಷ್ಟು ಮೃದು, ಬೆಲೆಯೂ ಚಕ್‌ನ ಹಲವು ಪಾಲು. ಹತ್ತಿಪ್ಪತ್ತು ನಿಮಿಷದಲ್ಲಿ ಹದವಾಗುವ ಆ ಮಾಂಸವನ್ನು ಎಂಟು ಗಂಟೆ ಬೇಯಿಸಿದರೆ ಒಣಗಿದ ಹಿಟ್ಟಿನ ರುಚಿಯಷ್ಟೇ ಉಳಿಯುತ್ತದೆ. "ನಿಮ್ಮ ದುಡ್ಡು ಉಳಿಯಲಿ, ಇದನ್ನು ಒಯ್ಯಿರಿ" ಎಂದು ಮೂರು ಪೌಂಡಿನ ಚಕ್ ಎತ್ತಿ ತೋರಿಸಿದೆ. ಆ ಬಿಳಿ ಗೆರೆಗಳನ್ನು ಕಂಡು ಇಬ್ಬರ ಮುಖವೂ ಸಣ್ಣಗಾಯಿತು. ಆದರೆ ಇಡೀ ಅಡುಗೆ ನಿಂತಿರುವುದು ಆ ಗೆರೆಗಳ ಮೇಲೆ.

ದನ ನಡೆಯುವಾಗ, ಹುಲ್ಲಿಗೆ ಬಗ್ಗುವಾಗ, ತಲೆ ಎತ್ತುವಾಗ ಭಾರ ಬೀಳುವುದು ಭುಜಕ್ಕೆ ಮತ್ತು ಕುತ್ತಿಗೆಗೆ. ದುಡಿಯುವ ಸ್ನಾಯುವಿನ ಎಳೆಗಳು ದಪ್ಪವಾಗುತ್ತವೆ, ಅವುಗಳನ್ನು ಕಟ್ಟಿಹಿಡಿಯುವ ಕೊಲಾಜನ್ ಎಂಬ ಪ್ರೋಟೀನು ಹೆಚ್ಚಾಗುತ್ತದೆ. ಬಿಳಿ ಗೆರೆ, ತೆಳು ಪೊರೆ, ಎರಡು ಸ್ನಾಯುಗಳ ನಡುವಿನ ಅಂಟು, ಇವೆಲ್ಲ ಬಹುಪಾಲು ಅದೇ. ಹಸಿಯಲ್ಲಿ ಹಲ್ಲಿಗೆ ಬಗ್ಗದ ಈ ಕೊಲಾಜನ್ ನೀರಿನ ಪಸೆಯಲ್ಲಿ ಹೊತ್ತು ಹೊತ್ತು ಬೆಂದರೆ ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪು ತಣ್ಣಗಾದ ಮೇಲೆ ಗಟ್ಟಿಯಾಗಿ ಅಲುಗಾಡುವುದು, ಕುಡಿದ ಮೇಲೆ ತುಟಿ ಅಂಟುವುದು ಇದರಿಂದಲೇ. ಭುಜದ ಒಳಗೆಲ್ಲ ಅದು ಕರಗಿ ಹರಡಿದಾಗ ಮಾಂಸದ ಒಂದೊಂದು ಎಳೆಗೂ ಅದರ ಲೇಪ ಸಿಗುತ್ತದೆ.

ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಬಿಳಿ ಕರಗುತ್ತದೆ, ಹಳದಿ ಕರಗುವುದಿಲ್ಲ. ಕುತ್ತಿಗೆಯಿಂದ ಭುಜದ ಮೇಲ್ಭಾಗಕ್ಕೆ ಬರುವ ಹಳದಿ ಪಟ್ಟಿಯೊಂದಿದೆ, ರಬ್ಬರಿನ ಗುಣದ್ದು. ಅದು ಇಲಾಸ್ಟಿನ್. ಇಡೀ ದಿನ ಬೇಯಿಸಿದರೂ ಹಾಗೆಯೇ ಇರುತ್ತದೆ. ನನ್ನ ಕೈಯಿಂದ ಹೋಗುವ ತುಂಡಿನಲ್ಲಿ ಅದನ್ನು ತೆಗೆದೇ ಕೊಡುತ್ತೇನೆ. ನಿಮಗೆ ಕಂಡರೆ ತೆಗೆದುಕೊಡಿ ಎಂದು ಧಾರಾಳವಾಗಿ ಕೇಳಿ. ಇಲ್ಲಿನ ಕೃಷಿ ಇಲಾಖೆ ಮಾಂಸಕ್ಕೆ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂದು ದರ್ಜೆ ಕೊಡುತ್ತದೆ. ಅದರಲ್ಲಿ ಮುಖ್ಯವಾಗಿ ನೋಡುವುದು ಮಾಂಸದ ಒಳಗೆ ಸೇರಿಕೊಂಡ ಕೊಬ್ಬನ್ನು. ಪಾಟ್ ರೋಸ್ಟಿಗೆ ಚಾಯ್ಸ್ ಸಾಕು. ಬೆನ್ನಿನ ಕಡೆಯ, ಅಂದರೆ ಐದನೇ ಪಕ್ಕೆಲುಬಿನ ಹತ್ತಿರದ ತುಂಡು ಸಿಕ್ಕರೆ ಅದೃಷ್ಟ. ಕೊಬ್ಬೂ ಕೊಲಾಜನೂ ಅಲ್ಲಿ ಹದವಾಗಿ ಕೂಡಿರುತ್ತವೆ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಸೋಮವಾರ ಗಿರಾಕಿಗಳು ಬಂದು ಹೇಳುವ ದೂರು ಹೆಚ್ಚುಕಡಿಮೆ ಒಂದೇ: "ಐದು ಗಂಟೆ ಬೇಯಿಸಿದೆವು, ಮಾಂಸ ಚಪ್ಪಲಿಯಷ್ಟು ಗಟ್ಟಿ. ಬೆಂದದ್ದು ಜಾಸ್ತಿಯಾಯಿತೋ ಏನೋ, ತೆಗೆದುಬಿಟ್ಟೆವು." ಬೆಂದದ್ದು ಕಡಿಮೆಯಾಯಿತು ಎಂದು ನಾನು ಹೇಳಿದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ.

ಮಾಂಸದ ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಎಳೆಗಳು ಕುಗ್ಗುತ್ತವೆ, ಸುತ್ತಲಿನ ಕೊಲಾಜನ್ ಪೊರೆಯೂ ಬಿಗಿಯುತ್ತದೆ. ಒದ್ದೆ ಬಟ್ಟೆ ಹಿಂಡಿದಂತೆ ರಸ ಹೊರಗೆ ಬರುತ್ತದೆ. ದನದ ಇಡೀ ತುಂಡು 63 ಡಿಗ್ರಿ ಮುಟ್ಟಿ ಮೂರು ನಿಮಿಷ ಸುಧಾರಿಸಿಕೊಂಡರೆ ತಿನ್ನಲು ಸುರಕ್ಷಿತ ಎನ್ನುತ್ತದೆ ಇಲ್ಲಿನ ಸರ್ಕಾರ. ಅದು ನಿಜ. ಆದರೆ ಭುಜದ ಮಾಂಸ ಆ ಹಂತದಿಂದ ಮುಂದೆ 75 ಡಿಗ್ರಿಯವರೆಗೂ ತನ್ನ ಬಾಳಿನ ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುತ್ತದೆ. ರಸ ಹೋಗಿದೆ, ಜೆಲಟಿನ್ ಇನ್ನೂ ಬಂದಿಲ್ಲ. 70ರ ಆಚೆ ಕೊಲಾಜನ್ ಕರಗತೊಡಗುತ್ತದೆ, 80 ದಾಟಿದ ಮೇಲೆ ಚುರುಕಾಗುತ್ತದೆ. ಒಳಗೆ 90ರಿಂದ 95ರ ನಡುವೆ ಒಂದೆರಡು ಗಂಟೆ ಕಳೆದರೆ ಮುಳ್ಳುಚಮಚ ತಿರುಗಿಸಿದಲ್ಲಿ ಮಾಂಸ ಬಿಡಿಬಿಡಿಯಾಗುತ್ತದೆ. ಹೋದ ನೀರು ಹಿಂದಕ್ಕೆ ಬರುವುದಿಲ್ಲ. ಮೂರು ಪೌಂಡ್ ಇಟ್ಟರೆ ಎರಡು ಪೌಂಡಿನ ಆಸುಪಾಸು ಕೈಗೆ ಸಿಗುತ್ತದೆ. ನಾಲಿಗೆಗೆ ರಸಭರಿತ ಅನ್ನಿಸುವುದು ಕರಗಿದ ಕೊಬ್ಬು ಮತ್ತು ಜೆಲಟಿನ್ನಿನಿಂದ.

ಹಾಗಾಗಿ ಫೋನಿನಲ್ಲಿ, ಕೌಂಟರಿನಲ್ಲಿ, ಇಗರ್ಜಿಯ ಅಂಗಳದಲ್ಲಿ, ಯಾರು ಕೇಳಿದರೂ ನನ್ನ ಉತ್ತರ ಒಂದೇ. ಗಟ್ಟಿಯಿದೆಯೆ? ಮುಚ್ಚಳ ಹಾಕಿ ಇನ್ನೆರಡು ಗಂಟೆ ಬಿಡಿ. ಆ ಜೋಡಿಗೂ ಇದನ್ನೇ ಕಾಗದದ ಮೇಲೆ ಬರೆದುಕೊಟ್ಟೆ.

ಆ ಎರಡು ಗಂಟೆಯನ್ನು ಒಲೆಯ ಮುಂದೆ ಕಾಯದೆ ಕಳೆಯುವುದಕ್ಕೆಂದೇ ಇರುವ ಯಂತ್ರ ಸ್ಲೋ ಕುಕ್ಕರ್. ಅದರ ಕಥೆ ನಡೆದದ್ದು ಇದೇ ಶಿಕಾಗೋದಲ್ಲಿ, ನನಗೆ ಅದನ್ನು ಹೇಳುವುದೇ ಒಂದು ಸಂತೋಷ. ಇರ್ವಿಂಗ್ ನ್ಯಾಕ್ಸನ್ ಎಂಬ ಯಹೂದಿ ಎಂಜಿನಿಯರ್ ಇಲ್ಲಿದ್ದರು. ಅವರ ತಾಯಿ ಲಿಥುವೇನಿಯಾದ ವಿಲ್ನಾ ಕಡೆಯವರು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಯಹೂದಿಗಳ ವಿಶ್ರಾಂತಿಯ ದಿನ ಸಬ್ಬತ್ ಶುರು, ಬೆಂಕಿ ಹೊತ್ತಿಸುವಂತಿಲ್ಲ. ಅದಕ್ಕೆ ಅಲ್ಲಿಯ ಮನೆಯವರು ಮಾಂಸ, ಬೀನ್ಸ್, ತರಕಾರಿ ತುಂಬಿದ ಮಡಕೆಯನ್ನು ಶುಕ್ರವಾರ ಮಧ್ಯಾಹ್ನವೇ ಊರಿನ ಬೇಕರಿಗೆ ಕೊಟ್ಟು ಬರುತ್ತಿದ್ದರು. ಬೇಕರಿಯ ಒಲೆ ಆರಿಸಿದ ಮೇಲೂ ಅದರ ಇಟ್ಟಿಗೆಯಲ್ಲಿ ಉಳಿದ ಕಾವಿಗೆ ರಾತ್ರಿಯಿಡೀ ಬೆಂದು ಮರುದಿನದ ಊಟಕ್ಕೆ ಮಡಕೆ ಸಿದ್ಧ. ಆ ಅಡುಗೆಯ ಹೆಸರು ಚೋಲೆಂಟ್. ತಾಯಿಯಿಂದ ಕೇಳಿದ ಈ ಸಂಗತಿಯಿಂದ ಹೊಳೆದು, ಸುತ್ತಲೂ ಸಮನಾಗಿ ಬಿಸಿಯಾಗುವ ವಿದ್ಯುತ್ ಪಾತ್ರೆಗೆ ನ್ಯಾಕ್ಸನ್ 1936ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1940ರಲ್ಲಿ ಅದು ಮಂಜೂರಾಯಿತು. ಮುಂದೆ ಅದು ನ್ಯಾಕ್ಸನ್ ಬೀನರಿ ಎಂಬ ಹೆಸರಿನಲ್ಲಿ ಬೀನ್ಸ್ ಬೇಯಿಸುವ ಪಾತ್ರೆಯಾಗಿ ಮಾರಾಟವಾಯಿತು.

1970ರಲ್ಲಿ ಕನ್ಸಾಸ್ ಸಿಟಿಯ ರೈವಲ್ ಕಂಪನಿ ನ್ಯಾಕ್ಸನ್ನರ ಉದ್ಯಮವನ್ನು ಕೊಂಡಿತು. ಮರುವರ್ಷ, 1971ರಲ್ಲಿ, ಶಿಕಾಗೋದ ಗೃಹೋಪಯೋಗಿ ವಸ್ತುಗಳ ಪ್ರದರ್ಶನದಲ್ಲಿ ಅದೇ ಪಾತ್ರೆ ಹೊಸ ರೂಪದಲ್ಲಿ, ಕ್ರಾಕ್ ಪಾಟ್ ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು. ಹೆಂಗಸರು ಹೆಚ್ಚು ಹೆಚ್ಚಾಗಿ ಹೊರಗಿನ ಕೆಲಸಕ್ಕೆ ಹೋಗತೊಡಗಿದ್ದ ಕಾಲ ಅದು. ಬೆಳಿಗ್ಗೆ ತುಂಬಿಸಿ ಹೋದರೆ ಸಂಜೆಗೆ ಊಟ, ಮಾಂಸವೂ ಅಗ್ಗದ್ದು, ವಿದ್ಯುತ್ತೂ ಕಡಿಮೆ. 1974ರಲ್ಲಿ ಒಳಗಿನ ಪಿಂಗಾಣಿ ಪಾತ್ರೆ ಎತ್ತಿ ತೊಳೆಯುವಂತಾಯಿತು. 1975ರಲ್ಲಿ ಮೇಬಲ್ ಹಾಫ್‌ಮನ್ ಬರೆದ 'ಕ್ರಾಕರಿ ಕುಕರಿ' ಎಂಬ ಅಡುಗೆ ಪುಸ್ತಕ ಲಕ್ಷಗಟ್ಟಲೆ ಮನೆಗಳನ್ನು ಸೇರಿತು.

ಅದೇ 1971ರ ಜುಲೈ ಕೊನೆಯಲ್ಲಿ ಶಿಕಾಗೋದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಮುಚ್ಚಿತು. 1865ರ ಕ್ರಿಸ್ಮಸ್ ದಿನ ತೆರೆದ ಆ ಜಾನುವಾರು ಸಂತೆಗೆ ಪಶ್ಚಿಮದ ಹುಲ್ಲುಗಾವಲುಗಳಿಂದ ರೈಲಿನಲ್ಲಿ ದನಗಳು ಬರುತ್ತಿದ್ದವು, ಇಲ್ಲಿಂದ ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳಲ್ಲಿ ಮಾಂಸ ಪೂರ್ವದ ಊರುಗಳಿಗೆ ಹೋಗುತ್ತಿತ್ತು. ಅಲ್ಲಿನ ಕೆಲಸಗಾರರ ಬವಣೆ, ಕೊಳಕು, ಇವನ್ನೆಲ್ಲ ಅಪ್ಟನ್ ಸಿಂಕ್ಲೇರ್ 1906ರಲ್ಲಿ 'ದಿ ಜಂಗಲ್' ಕಾದಂಬರಿಯಲ್ಲಿ ಬಯಲು ಮಾಡಿದ ಮೇಲೆ ಅದೇ ವರ್ಷ ಮಾಂಸ ತಪಾಸಣೆಯ ಕಾನೂನು ಬಂತು. ನಾನು ದಿನವೂ ಬಿಚ್ಚುವ ಪೆಟ್ಟಿಗೆಗಳ ಮೇಲಿನ ತಪಾಸಣೆಯ ಮುದ್ರೆಗೆ ಆ ಕಾನೂನೇ ಮೂಲ. ಸುಣ್ಣಕಲ್ಲಿನ ಹಳೆಯ ಹೆಬ್ಬಾಗಿಲು ಎಕ್ಸ್‌ಚೇಂಜ್ ಅವೆನ್ಯೂದಲ್ಲಿ ಇನ್ನೂ ನಿಂತಿದೆ, ಕಮಾನಿನ ಮೇಲೆ ಹೋರಿಯ ತಲೆ ಕೆತ್ತಿದ್ದಾರೆ. ಶಿಕಾಗೋಕ್ಕೆ ಬರುವ ನಮ್ಮೂರವರು ಎತ್ತರದ ಕಟ್ಟಡ ನೋಡಿ ಹಿಂದಿರುಗುತ್ತಾರೆ. ನಾನಾದರೆ ಅವರನ್ನು ಈ ಬಾಗಿಲಿಗೂ ಕರೆದೊಯ್ಯುತ್ತೇನೆ.

ಪಾಟ್ ರೋಸ್ಟ್ ಮಾತ್ರ ಯಂತ್ರಕ್ಕಿಂತ ಬಹಳ ಹಳೆಯದು. ನ್ಯೂ ಇಂಗ್ಲೆಂಡಿನವರು ಯಾಂಕಿ ಪಾಟ್ ರೋಸ್ಟ್ ತಮ್ಮದೆನ್ನುತ್ತಾರೆ. ವಿನೆಗರಿನಲ್ಲಿ ದಿನಗಟ್ಟಲೆ ನೆನೆಸಿ ಬೇಯಿಸುವ ಸೌವರ್‌ಬ್ರಾಟನ್ ಅನ್ನು ಜರ್ಮನರು ತಂದರು. ಯಹೂದಿ ಮನೆಗಳಲ್ಲಿ ಎದೆಯ ಮಾಂಸವಾದ ಬ್ರಿಸ್ಕೆಟ್ ಹಬ್ಬದ ದಿನ ಹೀಗೆಯೇ ಬೇಯುತ್ತದೆ. ನಮ್ಮ ಅಂಗಡಿಗೆ ಬರುವ ಪೋಲಿಷ್ ಅಜ್ಜಿಯೊಬ್ಬರು ಚಕ್ ಜೊತೆಗೆ ಒಣಗಿಸಿದ ಅಣಬೆ ಹಾಕಲೇಬೇಕೆಂದು ನನಗೆ ಆಗಾಗ ನೆನಪಿಸುತ್ತಾರೆ. ಅವರ ಮಾತು ಸರಿ. ಎರಡು ಒಣ ಅಣಬೆ ಗ್ರೇವಿಯನ್ನೇ ಬೇರೆ ಮಾಡುತ್ತದೆ.

ಈಗ ನನ್ನ ಅಡುಗೆ. ಮೂರು ಪೌಂಡ್, ಅಂದರೆ ಸುಮಾರು 1.4 ಕಿಲೋ ಚಕ್, ಒಂದೇ ತುಂಡು. ಹಿಂದಿನ ರಾತ್ರಿ ಪೌಂಡಿಗೆ ಒಂದು ಟೀ ಚಮಚದಂತೆ ಹರಳು ಉಪ್ಪು, ಜೊತೆಗೆ ತರಿತರಿಯಾಗಿ ಕುಟ್ಟಿದ ಒಳ್ಳೆಮೆಣಸು ಸವರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಡುತ್ತೇನೆ. ಉಪ್ಪು ಒಳಗಿಳಿಯುತ್ತದೆ, ಮೇಲ್ಮೈ ಒಣಗುತ್ತದೆ. ಒಣಗಿರಬೇಕು, ಯಾಕೆಂದರೆ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಅದನ್ನು ಕಬ್ಬಿಣದ ಬಾಣಲೆಯಲ್ಲಿ ಕೆಂಪಗೆ ಸುಡುವುದು.

ಈ ಸುಡುವ ಕೆಲಸ ಬಿಟ್ಟರೂ ನಡೆಯುತ್ತದೆ ಎನ್ನುವವರು ಇದ್ದಾರೆ. ನಾನು ಬಿಡುವುದಿಲ್ಲ, ಬಿಡಿ ಎಂದು ಯಾರಿಗೂ ಹೇಳುವುದೂ ಇಲ್ಲ. ಸುಟ್ಟರೆ ರಸ ಒಳಗೇ ಉಳಿಯುತ್ತದೆಂಬ ನಂಬಿಕೆ 19ನೇ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್‌ನಿಂದ ಹರಡಿದ್ದು, ಅದು ತಪ್ಪೆಂದು ಹೆರಾಲ್ಡ್ ಮೆಗೀ 1984ರ ತಮ್ಮ ಪುಸ್ತಕದಲ್ಲಿ ಬಿಡಿಸಿ ಬರೆದಿದ್ದಾರೆ. ಸುಡುವುದು ರುಚಿಗಾಗಿ. ಸುಮಾರು 140 ಡಿಗ್ರಿ ದಾಟಿದ ಒಣ ಮೇಲ್ಮೈಯಲ್ಲಿ ಪ್ರೋಟೀನೂ ಸಕ್ಕರೆಯೂ ಸೇರಿ ಕಂದುಬಣ್ಣ, ಹುರಿದ ಘಮ ಬರುತ್ತದೆ. ಫ್ರೆಂಚ್ ವಿಜ್ಞಾನಿ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಅದು. ಸ್ಲೋ ಕುಕ್ಕರಿನ ಒಳಗೆ ನೀರಿನ ಪಸೆ, ಶಾಖ 100ರ ಒಳಗೇ. ಅಲ್ಲಿ ಆ ಘಮ ಹುಟ್ಟುವುದಿಲ್ಲ. ಹೊರಗಿನಿಂದ ತಂದು ಹಾಕಬೇಕು. ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷ, ಅಲುಗಿಸದೆ.

ಮಾಂಸ ತೆಗೆದ ಬಾಣಲೆಗೆ ಉದ್ದಕ್ಕೆ ಹೆಚ್ಚಿದ ಎರಡು ದೊಡ್ಡ ನೀರುಳ್ಳಿ, ಅದು ಬಾಡಿದ ಮೇಲೆ ಜಜ್ಜಿದ ಆರೇಳು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಟೊಮ್ಯಾಟೊ ಪೇಸ್ಟ್. ಪೇಸ್ಟ್ ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಹುರಿದು, ಒಂದೂವರೆ ಕಪ್ ಬೀಫ್ ಸ್ಟಾಕ್ ಸುರಿದು, ತಳಕ್ಕೆ ಹಿಡಿದದ್ದನ್ನೆಲ್ಲ ಮರದ ಸೌಟಿನಿಂದ ಕೆರೆದು ತೆಗೆಯುತ್ತೇನೆ. ಆ ಕೆರಕಲು ಬಿಟ್ಟರೆ ಅರ್ಧ ರುಚಿ ತೊಳೆಯುವ ನೀರಿಗೆ ಹೋಗುತ್ತದೆ. ಇನ್ನು ಎರಡು ಚಮಚ ವೂಸ್ಟರ್ ಸಾಸ್. ಲೀ ಅಂಡ್ ಪೆರಿನ್ಸ್ ಕಂಪನಿ 1837ರಿಂದ ಮಾರುತ್ತಿರುವ ಈ ಕಪ್ಪು ಸಾಸಿನಲ್ಲಿ ಆಂಚೊವಿ ಮೀನು, ವಿನೆಗರ್ ಇವುಗಳ ಜೊತೆ ನಮ್ಮ ಹುಣಸೆಯೂ ಇದೆ. ಅಮೆರಿಕದ ಪಾಟ್ ರೋಸ್ಟಿನ ಹುಳಿ ನನ್ನ ನಾಲಿಗೆಗೆ ಪರಕೀಯ ಅನ್ನಿಸದಿರುವುದಕ್ಕೆ ಅದೇ ಕಾರಣವಿರಬೇಕು.

ಕುಕ್ಕರಿನ ತಳಕ್ಕೆ ಮೊದಲು ತರಕಾರಿ. ದಪ್ಪ ತುಂಡಿನ ಕ್ಯಾರೆಟ್, ಬಟಾಟೆ, ಎರಡು ಕಡ್ಡಿ ಸೆಲರಿ. ಮಾಂಸಕ್ಕಿಂತ ತರಕಾರಿ ಬೇಗ ಬೇಯುತ್ತದೆಂದು ನಾವು ತಿಳಿದಿರುತ್ತೇವೆ, ಈ ಯಂತ್ರದಲ್ಲಿ ಅದು ತಲೆಕೆಳಗು. ತರಕಾರಿಯನ್ನು ಗಟ್ಟಿ ಹಿಡಿದಿರುವ ಪೆಕ್ಟಿನ್ ಬಿಡುವುದು 85 ಡಿಗ್ರಿಯ ಆಸುಪಾಸಿನಲ್ಲಿ. ಅಷ್ಟು ಶಾಖ ಮೊದಲು ಮುಟ್ಟುವುದು ಪಾತ್ರೆಯ ತಳ ಮತ್ತು ಬದಿಯನ್ನು. ಬಟಾಟೆಯಲ್ಲಿ ಯೂಕಾನ್ ಗೋಲ್ಡ್ ಅಥವಾ ಕೆಂಪು ಸಿಪ್ಪೆಯದ್ದು ಆಕಾರ ಉಳಿಸಿಕೊಳ್ಳುತ್ತದೆ, ರಸೆಟ್ ಜಾತಿಯದ್ದು ಕರಗಿ ಗಂಜಿಯಾಗುತ್ತದೆ. ಇದರ ಮೇಲೆ ಮಾಂಸ, ಸುತ್ತ ಬಾಣಲೆಯ ರಸ, ಎರಡು ಕಡ್ಡಿ ಥೈಮ್, ಒಂದು ರೋಸ್‌ಮರಿ, ಎರಡು ಬೇ ಎಲೆ. ಇಂಡಿಯನ್ ಅಂಗಡಿಯ ಪಲಾವ್ ಎಲೆ ಬೇರೆ ಮರದ್ದು, ದಾಲ್ಚಿನ್ನಿಯ ಪರಿಮಳದ್ದು. ಹಾಕಿದರೆ ತಪ್ಪೇನಿಲ್ಲ, ಅಡುಗೆ ನಮ್ಮೂರಿನ ಕಡೆಗೆ ವಾಲುತ್ತದೆ.

ರಸ ಮಾಂಸದ ಅರ್ಧಕ್ಕಿಂತ ಮೇಲೆ ಬರಬಾರದು. ನಮ್ಮವರ ಕೈ ಇಲ್ಲಿ ಧಾರಾಳವಾಗಿಬಿಡುತ್ತದೆ. ಮುಚ್ಚಳದಿಂದ ಹಬೆ ಮತ್ತೆ ಹನಿಯಾಗಿ ಒಳಗೇ ಬೀಳುತ್ತದೆ, ಮಾಂಸವೂ ನೀರು ಬಿಡುತ್ತದೆ, ತರಕಾರಿಯೂ ಬಿಡುತ್ತದೆ. ಮೊದಲೇ ನಾಲ್ಕು ಕಪ್ ಸುರಿದರೆ ಸಂಜೆಗೆ ಸಪ್ಪೆ ಸೂಪು ಸಿಗುತ್ತದೆ.

ಗುಂಡಿಯಲ್ಲಿ ಲೋ, ಹೈ ಎಂದು ಎರಡು ಇರುತ್ತದೆ. ಹೆಚ್ಚಿನ ಕುಕ್ಕರುಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಕುದಿಯ ಹತ್ತಿರದ ಒಂದೇ ಶಾಖವನ್ನು. ಹೈ ಬೇಗ ಮುಟ್ಟುತ್ತದೆ, ಲೋ ನಿಧಾನಕ್ಕೆ ಮುಟ್ಟುತ್ತದೆ. ನಾನು ಲೋದಲ್ಲಿ ಎಂಟರಿಂದ ಒಂಬತ್ತು ಗಂಟೆ ಬಿಡುತ್ತೇನೆ. ಈ ಯಂತ್ರ ಎಳೆಯುವುದು ಇನ್ನೂರು ಮುನ್ನೂರು ವ್ಯಾಟ್ ಅಷ್ಟೇ, ಹಾಗಾಗಿ ಮುಚ್ಚಳ ಒಮ್ಮೆ ತೆಗೆದರೆ ಹೋದ ಕಾವು ಮರಳಲು ಇಪ್ಪತ್ತು ನಿಮಿಷದ ಮೇಲಾದರೂ ಬೇಕು. ಆಗಾಗ ತೆಗೆದು ಕೈಯಾಡಿಸುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ಎಂಟನೇ ಗಂಟೆಗೆ ಮುಳ್ಳುಚಮಚ ಚುಚ್ಚಿ ತಿರುಗಿಸಿ. ತಿರುಗಿದರೆ ಆಯಿತು. ಸೆಟೆದು ನಿಂತರೆ, ಮೊದಲೇ ಹೇಳಿದ್ದೇನೆ.

ಮಾಂಸ ಎತ್ತಿ ಹದಿನೈದು ನಿಮಿಷ ಮುಚ್ಚಿಡಿ. ಪಾತ್ರೆಯ ರಸವನ್ನು ಸೋಸಿ, ಮೇಲೆ ತೇಲುವ ಕೊಬ್ಬು ತೆಗೆದು, ಒಲೆಯ ಮೇಲೆ ಕುದಿಸಿ ಇಳಿಸಬೇಕು. ಎರಡು ಕಪ್ ರಸಕ್ಕೆ ಎರಡು ದೊಡ್ಡ ಚಮಚ ಜೋಳದ ಪಿಷ್ಟವನ್ನು ತಣ್ಣೀರಿನಲ್ಲಿ ಕದಡಿ ಹಾಕಿದರೆ ಗ್ರೇವಿ ಸೌಟಿಗೆ ಅಂಟುವಷ್ಟು ಮಂದವಾಗುತ್ತದೆ. ಇಳಿಸುವ ಮುಂಚೆ ಒಂದು ಚಮಚ ವಿನೆಗರ್. ಎಂಟು ಗಂಟೆ ಒಟ್ಟಿಗೆ ಬೆಂದ ರುಚಿಗಳು ಒಂದರಲ್ಲೊಂದು ಸೇರಿ ಮಂಕಾಗಿರುತ್ತವೆ, ಹುಳಿ ಬಿದ್ದರೆ ಎಲ್ಲ ಎಚ್ಚರಾಗುತ್ತದೆ. ಎಳೆಗಳ ಓಟಕ್ಕೆ ಅಡ್ಡಲಾಗಿ ದಪ್ಪ ದಪ್ಪ ಕೊಯ್ದು ಬಡಿಸಿ.

ಇಷ್ಟೆಲ್ಲ ಯಾಕೆ, ಪ್ಯಾಕೆಟ್ ಸಾಲದೇ ಎನ್ನುವ ಗಿರಾಕಿಗಳೂ ಬಹಳ. 1952ರಲ್ಲಿ ಬಂದ ಲಿಪ್ಟನ್ ಆನಿಯನ್ ಸೂಪ್ ಪುಡಿ ಮಾಂಸದ ಮೇಲೆ ಚೆಲ್ಲಿ ಬೇಯಿಸುವುದು ಇಲ್ಲಿ ತಲೆಮಾರುಗಳ ರೂಢಿ. ಮಿಸಿಸಿಪ್ಪಿ ರಾಜ್ಯದ ರಿಪ್ಲಿ ಎಂಬ ಸಣ್ಣ ಊರಿನ ರಾಬಿನ್ ಚಾಪ್‌ಮನ್ 1990ರ ದಶಕದಲ್ಲಿ ಮಾಡಿದ ಅಡುಗೆಯಂತೂ ದೇಶವೆಲ್ಲ ಹರಡಿತು. ಚಕ್ ಮೇಲೆ ರ‍್ಯಾಂಚ್ ಎಂಬ ಸಲಾಡ್ ಸಾಸಿನ ಪುಡಿ ಒಂದು ಪ್ಯಾಕೆಟ್, ಗ್ರೇವಿ ಪುಡಿ ಒಂದು, ಬೆಣ್ಣೆ ಒಂದು ಕಡ್ಡಿ, ಉಪ್ಪಿನಲ್ಲಿಟ್ಟ ಪೆಪ್ಪರೊನ್ಚೀನಿ ಮೆಣಸಿನಕಾಯಿ ಕೆಲವು. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೂಡ ಅದನ್ನು ತನ್ನದೇ ರೀತಿಯಲ್ಲಿ ಮಾಡಿ ಬರೆಯಿತು. ಅದರ ಮೆಣಸಿನಕಾಯಿಯ ಹುಳಿಖಾರ ನನಗೆ ಇಷ್ಟ, ಪುಡಿಗಳ ಉಪ್ಪು ಇಷ್ಟವಿಲ್ಲ. ಎರಡು ಪಾಳಿ ದುಡಿದು ಮಕ್ಕಳಿಗೆ ಬಿಸಿ ಊಟ ಹಾಕಬೇಕಾದ ತಾಯಿ ಪ್ಯಾಕೆಟ್ ಹರಿದರೆ ಅವಳಿಗೆ ನಾನು ಎರಡು ಮಾತು ಹೇಳುವವಳಲ್ಲ. ಅವಳ ಕೈಗೂ ಒಳ್ಳೆಯ ಚಕ್ ಕೊಡುತ್ತೇನೆ.

ಎರಡು ಕಡೆ ಮಾತ್ರ ರಾಜಿ ಇಲ್ಲ. ಮಂಜುಗಟ್ಟಿದ ಮಾಂಸವನ್ನು ನೇರ ಸ್ಲೋ ಕುಕ್ಕರಿಗೆ ಹಾಕಬಾರದು. 4ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಹೆಪ್ಪುಗಟ್ಟಿದ ತುಂಡು ಆ ನಡುವೆ ಗಂಟೆಗಟ್ಟಲೆ ಕಳೆಯುತ್ತದೆ. ಫ್ರಿಜ್ಜಿನಲ್ಲಿ ಒಂದು ದಿನ ಮೊದಲೇ ಕರಗಿಸಿ. ಇನ್ನೊಂದು ನಮ್ಮವರಿಗೆ ಹೆಚ್ಚು ಬೇಕಾದದ್ದು: ಈ ಯಂತ್ರ ಕೊಂಡವರು ಮುಂದಿನ ವಾರ ರಾಜ್ಮಾ ಹಾಕುತ್ತಾರೆ. ಹಸಿ ರಾಜ್ಮಾದಲ್ಲಿ ವಾಂತಿಭೇದಿ ತರುವ ಲೆಕ್ಟಿನ್ ಇದೆ, ಕುದಿಗಿಂತ ಕೆಳಗಿನ ಶಾಖದಲ್ಲಿ ಅದು ನಾಶವಾಗುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿದ ಮೇಲೆಯೇ ಕುಕ್ಕರಿಗೆ. ಅಮೆರಿಕದಿಂದ ಸ್ಲೋ ಕುಕ್ಕರ್ ಊರಿಗೆ ಹೊತ್ತೊಯ್ಯುವ ಯೋಚನೆ ಇದ್ದರೆ ಅದನ್ನೂ ಬಿಡಿ. ಅದು 120 ವೋಲ್ಟಿನದ್ದು, ನಮ್ಮ ಗೋಡೆಯಲ್ಲಿ ಬರುವುದು 230.

ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲ ಪಾತ್ರೆಗೆ ಹರಡಿ ಫ್ರಿಜ್ಜಿಗೆ ಸೇರಿಸಿ. ಮರುದಿನ ಗ್ರೇವಿ ಗಟ್ಟಿ ಜೆಲ್ಲಿಯಾಗಿರುತ್ತದೆ, ಮೇಲಿನ ಬಿಳಿ ಕೊಬ್ಬು ಒಂದೇ ಹಲ್ಲೆಯಾಗಿ ಏಳುತ್ತದೆ. ನನಗಂತೂ ಎರಡನೇ ದಿನದ ರೋಸ್ಟೇ ಮೇಲು. ಸಣ್ಣಗೆ ಬಿಡಿಸಿ, ಹೆಚ್ಚಿದ ನೀರುಳ್ಳಿ ಜೊತೆ ಒಂದು ಚಮಚ ಬಫಾತ್ ಪುಡಿ, ಅಂದರೆ ನಮ್ಮ ಕಡೆಯ ಕ್ರೈಸ್ತರ ಮಸಾಲೆ ಪುಡಿ, ಹುರಿದು ಅದರಲ್ಲಿ ಹೊರಳಿಸಿ ನೀರುದೋಸೆಗೆ ಕೊಡುತ್ತೇನೆ. ಕೆಲಸದ ಜೊತೆಗಾರರು ಡಬ್ಬಿ ಬಿಚ್ಚುವ ಮೊದಲೇ ಪಕ್ಕಕ್ಕೆ ಬಂದು ಕೂತಿರುತ್ತಾರೆ.

ಮೊನ್ನೆ ಮಂಗಳೂರಿನಿಂದ ಅತ್ತಿಗೆ ಫೋನು ಮಾಡಿದ್ದರು. "ನಿನ್ನ ಆ ರೋಸ್ಟ್ ಇಲ್ಲಿ ಮಾಡಬೇಕು, ಎಷ್ಟು ವಿಸಿಲ್ ಮಾರಾಯ್ತಿ?"

ಊರಿನಲ್ಲಿ ಲೆಕ್ಕ ಬೇರೆ. ಇಲ್ಲಿ ಮಾಂಸಕ್ಕೆಂದು ಸಾಕುವ ದನ ಹೆಚ್ಚಾಗಿ ಎರಡು ವರ್ಷದೊಳಗಿನದು. ಕರ್ನಾಟಕದಲ್ಲಿ 2020ರ ಅಧಿನಿಯಮದ ಪ್ರಕಾರ ದನ, ಹೋರಿ, ಎತ್ತಿನ ವಧೆಗೆ ನಿಷೇಧವಿದೆ, 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಅವಕಾಶ. ಪ್ರಾಯ ಹೆಚ್ಚಿದಂತೆ ಕೊಲಾಜನ್ ತನ್ನೊಳಗೇ ಕೊಂಡಿ ಹಾಕಿಕೊಂಡು ಬಿಗಿಯಾಗುತ್ತದೆ, ಕರಗಲು ಹೆಚ್ಚು ಶಾಖ, ಹೆಚ್ಚು ಹೊತ್ತು ಕೇಳುತ್ತದೆ. ಇಲ್ಲಿಯ ಎಂಟು ಗಂಟೆಯ ಲೆಕ್ಕ ಅಂಥ ಭುಜಕ್ಕೆ ಸಾಲದು. ಊರಿನ ಹಳೆಯ ಅಡುಗೆಯವರು ಕೋಣದ ಮಾಂಸವನ್ನು ಮಡಕೆಯಲ್ಲಿಟ್ಟು ಕೆಂಡದ ಮೇಲೆ ಅಷ್ಟು ಹೊತ್ತು ಬಿಡುತ್ತಿದ್ದದ್ದು ಸುಮ್ಮನೆ ಅಲ್ಲ.

"ಅತ್ತಿಗೆ, ವಿಸಿಲ್ ಲೆಕ್ಕ ಬೇಡ" ಎಂದೆ. "ಪ್ರೆಶರ್ ಕುಕ್ಕರಿನ ಒಳಗೆ 120 ಡಿಗ್ರಿಯವರೆಗೆ ಹೋಗುತ್ತದೆ, ಬೇಗ ಕರಗುತ್ತದೆ ನಿಜ. ಮೊದಲು ವಿಸಿಲ್ ಬರಲಿ, ಮತ್ತೆ ಉರಿ ಸಣ್ಣ ಮಾಡಿ ಮುಕ್ಕಾಲು ಗಂಟೆ. ತಾನಾಗಿ ಇಳಿದ ಮೇಲೆ ತೆಗೆದು ಚುಚ್ಚಿ ನೋಡಿ. ಗಟ್ಟಿಯಿದ್ದರೆ ಕುಕ್ಕರಿನ ಮುಚ್ಚಳ ಬೇಡ, ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲೇ ಇಡಿ."

"ಎಷ್ಟು ಹೊತ್ತು?"

"ನೀವು ಇಗರ್ಜಿಗೆ ಹೋಗುವ ಮೊದಲು ಶುರು ಮಾಡಿ, ಮನೆಯಲ್ಲಿ ಯಾರಾದರೂ ನೋಡಿಕೊಳ್ಳಲಿ. ತಳ ಹಿಡಿಯುವ ಹಾಗಿದ್ದರೆ ಬಿಸಿನೀರು ಅರ್ಧ ಲೋಟ, ತಣ್ಣೀರು ಹಾಕಬೇಡಿ. ಬಟಾಟೆ ಕೊನೆಯ ಅರ್ಧ ಗಂಟೆಗೆ ಸಾಕು."